ಬೆಳ್ಳಿ ಬಣ್ಣದ ಆಂಗಲ್

"ಏಣಿ ಗಟ್ಟಿಯಾಗಿ ಹಿಡ್ಕಳ್ಳಿ ಕನ್ನಪ್ಪನವರೇ," ಎಂದಳು ತನುಜಾ ಮೇಲಿನಿಂದ. "ಅಲುಗಿದ್ರೆ ಕಷ್ಟ."

"ಹಿಡಿದೇ ಇದೀನಿ ಮೇಡಂ. ನೀವು ಬಗ್ಗಬೇಡಿ."

ಹುಂಚದ ದಾರಿಯಲ್ಲಿ ಹೊಸದಾಗಿ ಎದ್ದಿದ್ದ ಸಮುದಾಯ ಭವನ ಅದು. ಗೋಡೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಚಾವಣಿಯ ಮಾಡು ಮಾತ್ರ ಮುಗಿದಿತ್ತು. ಕಬ್ಬಿಣದ ಆಂಗಲ್‌ಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು, ಮೇಲೆ ಶೀಟು ಹೊದಿಸಿ, ಎಲ್ಲಕ್ಕೂ ಬೆಳ್ಳಿ ಬಣ್ಣ ಬಳಿದಿದ್ದರು. ಹೊಸನಗರ ಠಾಣೆಯ ಸಬ್ ಇನ್ಸ್‌ಪೆಕ್ಟರ್ ತನುಜಾ ಏಣಿಯ ತುದಿಯಲ್ಲಿ ನಿಂತು, ಒಂದು ಆಂಗಲ್ಲಿನ ಬಣ್ಣವನ್ನು ಚಾಕುವಿನಿಂದ ಕೆರೆಯುತ್ತಿದ್ದಳು. ಕೆಳಗೆ ಏಣಿ ಹಿಡಿದಿದ್ದವನು ಅದೇ ಠಾಣೆಯ ಹೆಡ್ ಕಾನ್ಸ್‌ಟೇಬಲ್ ಕನ್ನಪ್ಪ.

ಈ ಮಾಡಿನವರೆಗೆ ಅವಳನ್ನು ತಂದದ್ದು ಕಾಡಿನಲ್ಲಿ ಬಿದ್ದ ಒಂದು ಟವರು. ಜೋಗದ ಕಡೆಯಿಂದ ಬರುವ ವಿದ್ಯುತ್ ಲೈನಿನ ಆ ಟವರು ಎಲೆಯೂ ಅಲುಗದ ಒಂದು ಬೆಳಿಗ್ಗೆ ಮಗುಚಿ ಬಿದ್ದಿತ್ತು. ಅದರಡಿಯಲ್ಲಿ ಲೈನ್ ನೋಡಿಕೊಳ್ಳುತ್ತಿದ್ದ ರಾಜೇಂದ್ರ ಸತ್ತು ಬಿದ್ದಿದ್ದ. ಟವರಿನ ಬುಡದ ಅಡ್ಡ ಆಂಗಲ್‌ಗಳನ್ನು ಯಾರೋ ಮೊದಲೇ ಬಿಚ್ಚಿ ಒಯ್ದಿದ್ದರು.

ಕದ್ದ ಆಂಗಲ್ ಎಲ್ಲಿಗೆ ಹೋಗುತ್ತದೆ? ಯಾವುದೋ ಮಾಡಿಗೆ ಹೋಗುತ್ತದೆ. ಮೂರು ತಾಲೂಕಿನಲ್ಲಿ ಇತ್ತೀಚೆಗೆ ಎದ್ದ ಮಾಡುಗಳನ್ನೆಲ್ಲ ತನುಜಾ ನೋಡುತ್ತ ಬಂದಿದ್ದಳು. ಕೋಳಿ ಫಾರಂ, ಅಕ್ಕಿ ಗಿರಣಿ, ಅಂಗಡಿ ಸಾಲು. ಎಲ್ಲ ಕಡೆಯೂ ಬಣ್ಣದ ಕೆಳಗೆ ತುಕ್ಕು ತಡೆಯಲು ಹೊಡೆದ ರೆಡ್ ಆಕ್ಸೈಡಿನ ಕೆಂಪು, ಅದರ ಕೆಳಗೆ ಕಪ್ಪು ಕಬ್ಬಿಣ.

ಇಲ್ಲಿ ಕೆಂಪು ಇರಲಿಲ್ಲ. ಬೆಳ್ಳಿ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅದರಡಿ ಮಂಕು ಬೂದು ಲೋಹ ಕಂಡಿತು. ಸತುವಿನ ಲೇಪ. ತುಕ್ಕು ಹಿಡಿಯಬಾರದೆಂದು ಟವರಿನ ಆಂಗಲ್‌ಗಳಿಗೆ ಕೊಡುವ ಲೇಪ.

ಇನ್ನೊಂದಿಷ್ಟು ಕೆರೆದಳು. ಬೆರಳಿಗೆ ಒಂದು ಗಂಟು ತಾಕಿತು. ಬೋಲ್ಟಿನ ತೂತಿಗೆ ವೆಲ್ಡಿಂಗ್ ತುಂಬಿ, ಗ್ರೈಂಡರ್ ಹೊಡೆದು ಆದಷ್ಟು ಸಪಾಟು ಮಾಡಿದ್ದರು. ಒಂದು ಗೇಣು ಆಚೆಗೆ ಅಂಥದೇ ಇನ್ನೊಂದು. ಬೆಸುಗೆಯಲ್ಲಿ ಕೂರಿಸಿದ ಮಾಡಿಗೆ ಬೋಲ್ಟಿನ ತೂತು ಬೇಕಿರಲಿಲ್ಲ.

"ಎಂತ ಸಿಕ್ತು ಮೇಡಂ?" ಕೆಳಗಿನಿಂದ ಕೆರಿಯಪ್ಪ ಕೇಳಿದ.

ಕೆರಿಯಪ್ಪ ಭವನ ಸಮಿತಿಯ ಅಧ್ಯಕ್ಷ. ಅವನ ಅಪ್ಪನ ಕಾಲದಲ್ಲಿ ಈ ಊರಿನವರೆಲ್ಲ ಗೇಣಿದಾರರು. ಜಮೀನು ಅವರ ಹೆಸರಿಗೆ ಬಂದು ಎಷ್ಟೋ ವರ್ಷಗಳಾದರೂ ಮದುವೆ, ತಿಥಿ, ಸಭೆಗೆಲ್ಲ ಬೇರೆಯವರ ಜಾಗವನ್ನೇ ಕೇಳಬೇಕಿತ್ತು. ಇದು ಅವರು ತಮ್ಮದೆಂದು ಎಬ್ಬಿಸಿದ ಮೊದಲ ಕಟ್ಟಡ. ಕಲ್ಲು ಹೊತ್ತವರು, ಮಣ್ಣು ಹಾಕಿದವರು ಎಲ್ಲ ಊರಿನವರೇ.

"ಈ ಆಂಗಲ್ ಎಲ್ಲಿಂದ ತರಿಸಿದ್ರಿ?"

"ಹೊಸನಗರದ ಹೇರಂಬರ ಶೆಡ್ಡಿಂದ. ಈ ಕಡೆ ಮಾಡು ಅಂದ್ರೆ ಅವರೇ ಅಲ್ವಾ."

"ಹೊಸ ಮಾಲು ಅಂದ್ರಾ?"

"ಹೊಸದೇ ಅಂದ್ರು. ಬಣ್ಣ ಹೊಡ್ಕಂಡೇ ಬಂತು. ನಾವು ಭತ್ತ ಆದ್ರೆ ಕಚ್ಚಿ ನೋಡಿ ಹೇಳ್ತಿದ್ವಿ. ಕಬ್ಬಿಣ ಕಚ್ಚಕ್ಕಾಗತ್ತಾ?"

ತನುಜಾ ಆಂಗಲ್ಲಿನ ತುದಿಯತ್ತ ಏಣಿಯನ್ನು ಸರಿಸಿಕೊಂಡು ಮತ್ತೆ ಹತ್ತಿದಳು. ಅಲ್ಲಿ ಬಣ್ಣ ದಪ್ಪಗಿತ್ತು. ಬೇಕೆಂದೇ ಎರಡು ಸಲ ಬಳಿದಂತಿತ್ತು. ನಿಧಾನವಾಗಿ ಕೆರೆದಾಗ ಲೋಹದ ಮೈಯಲ್ಲಿ ಒತ್ತಿದ ಅಕ್ಷರಗಳು ಕಂಡವು. ಇಂಗ್ಲಿಷಿನ ಎರಡು ಡಿ, ಅದರ ಪಕ್ಕ ಒಂದಿಷ್ಟು ಅಂಕಿ. ಅವಳು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು, ಲೈನಿನ ಎಂಜಿನಿಯರ್ ಆಶಾಗೆ ಕಳಿಸಿದಳು. ಸಿಗ್ನಲ್ ಇರಲಿಲ್ಲ. ಫೋಟೋದ ಮೇಲೆ ಚಕ್ರ ಸುತ್ತುತ್ತಲೇ ಉಳಿಯಿತು.

ಕೆಳಗಿಳಿದಾಗ ಕೆರಿಯಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಮಾಡು ಕೂರಿಸಕ್ಕೆ ಬಂದಿದ್ದು ಯಾರು?"

"ಸುರೇಂದ್ರ ಅಂತ. ಮೇಳಿಗೆ ಕಡೆಯೋನು. ಒಳ್ಳೆ ಕೆಲಸಗಾರ. ಪಾಪ, ಇಲ್ಲಿ ವೆಲ್ಡಿಂಗ್ ಮಾಡಿದ ದಿನವೆಲ್ಲ ಸಂಜೆ ಚಳಿ ಜ್ವರ. ಗಡಗಡ ನಡುಗ್ತಾ ಮಲಗ್ತಿದ್ದ. ನಮ್ಮ ಮನೆಯೋರು ಹಾಲು ಕಾಯಿಸಿ ಕೊಡೋರು. ಬೆಳಿಗ್ಗೆ ನೋಡಿದ್ರೆ ಎಂತದೂ ಇಲ್ಲ. ಮತ್ತೆ ಬೆಸುಗೆ ಹಾಕ್ದ ಅಂದ್ರೆ ಮತ್ತೆ ಚಳಿ."

ತನುಜಾ, ಕನ್ನಪ್ಪ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದನ್ನ ಬಿಚ್ಚಬೇಕಾಗತ್ತಾ ಮೇಡಂ?"

"ಬಿಚ್ಚಬೇಕಾಗಬಹುದು."

ಕೆರಿಯಪ್ಪ ಮಾಡಿನ ಕಡೆ ನೋಡಿದ. ಅವನ ಮಗಳದೇ ಇಲ್ಲಿ ಮೊದಲ ಮದುವೆಯೆಂದು ಊರಿಗೆಲ್ಲ ಹೇಳಿ ಆಗಿತ್ತು. ಹೆಗಲ ಮೇಲಿನ ಟವೆಲಿನಿಂದ ಸುಮ್ಮನೆ ಕೈ ಒರೆಸಿಕೊಂಡ.

"ರಾಜೇಂದ್ರ ಸತ್ನಲ್ಲ, ಆ ಟವರಿಂದಾ ಇದು?"

"ಇನ್ನೂ ಗೊತ್ತಿಲ್ಲ."

"ಹಂಗಿದ್ರೆ ಬಿಚ್ಚೇ ಬಿಡಿ. ಒಬ್ಬನ ಜೀವ ತಿಂದ ಕಬ್ಬಿಣದ ಕೆಳಗೆ ನಿಂತು ಮಗಳಿಗೆ ಧಾರೆ ಎರೆಯಕ್ಕಾಗಲ್ಲ. ಚಪ್ಪರ ಹಾಕ್ಕಂಡು ಮಾಡ್ತೀವಿ."

* * *

ಹೇರಂಬರ ಶೆಡ್ಡು ಹೊಸನಗರದ ಹೊರಗೆ, ಸಾಗರದ ರಸ್ತೆಯಲ್ಲಿತ್ತು. ಜೀಪು ನಿಂತಾಗ ಒಳಗೆ ಕಟಿಂಗ್ ಮಷಿನ್ ಕಿರುಚುತ್ತಿತ್ತು.

ಒಂದು ಗೋಡೆಯುದ್ದಕ್ಕೂ ಆಂಗಲ್‌ಗಳನ್ನು ಅಳತೆಯ ಪ್ರಕಾರ ಜೋಡಿಸಿದ್ದರು. ಕಿಟಕಿಯ ಫ್ರೇಮಿಗೆ ಬೇಕಾಗುವ ಸಣ್ಣವು, ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಸ್ವಲ್ಪ ದಪ್ಪದವು, ದೊಡ್ಡ ಮಾಡಿಗೆ ಅಂಗೈಯಗಲದವು. ಅಂಗಳದಲ್ಲಿ ಅರ್ಧ ಮುಗಿದ ಒಂದು ಗೇಟು, ಒಂದು ಬಸ್ ತಂಗುದಾಣದ ಅಸ್ಥಿಪಂಜರ.

ಹೇರಂಬ ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ಮಷಿನ್ ನಿಲ್ಲಿಸಲು ಹೇಳಿ, ಕುರ್ಚಿ ಒರೆಸಿ ಕೊಟ್ಟರು.

"ಹುಂಚದ ದಾರಿಯ ಭವನದ ಮಾಡು ನಿಮ್ಮದಾ?"

"ನಮ್ಮದೇ. ಯಾಕೆ ಮೇಡಂ, ಸೋರ್ತಾ ಇದೆಯಾ?"

"ಇಲ್ಲ. ಅದಕ್ಕೆ ಆಂಗಲ್ಲೇ ಯಾಕೆ ಹಾಕಿದ್ರಿ? ಈಗೆಲ್ಲ ಪೈಪ್ ಹಾಕ್ತಾರಲ್ಲ."

ಇಂಥ ಪ್ರಶ್ನೆ ಕೇಳಿದವರೆಂದರೆ ಹೇರಂಬರಿಗೆ ಇಷ್ಟ. ನೆಲದ ಮೇಲಿದ್ದ ಒಂದು ತಗಡಿನ ತುಂಡನ್ನು ಎತ್ತಿ ಬೆರಳಲ್ಲೇ ಬಗ್ಗಿಸಿದರು. ಆಮೇಲೆ ಅದೇ ತಗಡನ್ನು ಉದ್ದಕ್ಕೆ ಮಡಚಿ ಅವಳ ಕೈಗಿಟ್ಟರು.

"ಈಗ ಬಗ್ಗಿಸಿ ನೋಡಿ. ಆಗಲ್ಲ. ಆಂಗಲ್ ಅಂದ್ರೆ ಇಷ್ಟೇ ಮೇಡಂ. ಎರಡು ಪಟ್ಟಿ ಒಂದಕ್ಕೊಂದು ಆನಿಸಿಕೊಂಡು ನಿಲ್ಲೋದು. ಪೈಪು ಒಳಗಿಂದ ತುಕ್ಕು ಹಿಡಿದ್ರೆ ಗೊತ್ತೇ ಆಗಲ್ಲ. ನಮ್ಮ ಮಳೆಗೆ ಆಂಗಲ್ಲೇ ಸರಿ. ಎರಡೂ ಮೈ ಕಣ್ಣಿಗೆ ಕಾಣತ್ತೆ, ಬಣ್ಣ ಹೊಡೀಬಹುದು."

"ಮಿಲ್ಲಿಂದ ಬಂದ ಹೊಸ ಮಾಲನ್ನೇ ಹಾಕಿದ್ರಾ ಅಲ್ಲಿಗೆ?"

"ಹೊಸದೇ. ಇಗೋ, ಇಂಥದು." ಗೋಡೆಯ ಬಳಿಯಿದ್ದ ಕಪ್ಪು ಆಂಗಲ್ ತೋರಿಸಿದರು.

ತನುಜಾ ಅದನ್ನು ಕೈಯಲ್ಲಿ ಸವರಿದಳು. ಬೆರಳಿಗೆ ಎಣ್ಣೆ ಮಸಿ ಅಂಟಿತು.

"ನಿಮ್ಮ ಸುರೇಂದ್ರನಿಗೆ ಅಲ್ಲಿ ದಿನಾ ಚಳಿ ಜ್ವರ ಬರ್ತಿತ್ತಂತೆ. ಈ ಕಪ್ಪು ಆಂಗಲ್ಲಿಗೆ ಬೆಸುಗೆ ಹಾಕಿದ್ರೆ ಹಾಗಾಗತ್ತಾ?"

"ಇದಕ್ಕೆಲ್ಲ ಯಾಕೆ ಆಗತ್ತೆ? ಅದು ಸತುವಿನ ಹೊಗೆ ಕುಡಿದ್ರೆ ಬರೋ ಜ್ವರ. ಸತು ಲೇಪದ ಜಿಐ ಮಾಲಿಗೆ..."

ಹೇರಂಬ ಅಲ್ಲಿಗೇ ನಿಲ್ಲಿಸಿದರು.

ಕನ್ನಪ್ಪ ಬಾಗಿಲಿಗೆ ಅಡ್ಡವಾಗಿ ನಿಂತ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಸದ್ದು ಮಾಡಿತು. ಹೇರಂಬ ಅದನ್ನು ನೋಡಿದರು, ತನುಜಾಳನ್ನು ನೋಡಿದರು. ಅವಳು ತಲೆಯಾಡಿಸಿದ ಮೇಲೆ ಎತ್ತಿಕೊಂಡರು.

"ಈಗ ಬಪ್ಲೆ ಆಗ್ತಿಲ್ಲೆ. ಪೊಲೀಸ್ನೋರು ಬೈಂದ. ಎಂತ ಇಲ್ಲೆ, ಆಮೇಲೆ ಹೇಳ್ತಿ." ಬರಲಾಗದು, ಪೊಲೀಸರು ಬಂದಿದ್ದಾರೆ ಎಂದು ಮನೆಮಾತಿನಲ್ಲಿ ಹೇಳಿ ಫೋನಿಟ್ಟು, ಹಣೆ ಒರೆಸಿಕೊಂಡರು.

"ಬಣ್ಣ ಕೆರೆದು ನೋಡಿ ಬಂದಿದೀನಿ ಹೇರಂಬರೇ. ತೂತು ಮುಚ್ಚಿದ್ದೂ ನೋಡಿದೀನಿ. ಎಲ್ಲಿಂದ ಬಂತು ಅದು?"

"ಸುರೇಂದ್ರ ತಂದ. ಹಳೇ ಲೈನ್ ಕಿತ್ತಿದಾರೆ, ಹರಾಜಲ್ಲಿ ಸಿಕ್ಕಿದ್ದು ಅಂದ."

"ಯಾವ ಲೈನು, ಯಾವ ಹರಾಜು ಅಂತ ಕೇಳ್ಲಿಲ್ವಾ?"

"ಇಲ್ಲ."

"ಯಾಕೆ?"

ಹೇರಂಬ ಅವಳ ಕೈಯಲ್ಲೇ ಉಳಿದಿದ್ದ ಮಡಚಿದ ತಗಡನ್ನು ನೋಡಿದರು. "ಕೇಳಿದ್ರೆ ಅವನು ಹೇಳಿಬಿಡ್ತಿದ್ದ. ಅದಕ್ಕೇ ಕೇಳ್ಲಿಲ್ಲ."

"ಆಮೇಲೆ ರಾಜೇಂದ್ರ ಸತ್ತ."

"ಹೌದು. ಆಗ ನಂಗೂ ಅನುಮಾನ ಬಂತು. ಸುರೇಂದ್ರನ್ನ ಕೇಳಿದೆ. ಅವನು ಏನೂ ಹೇಳ್ದೆ ಮಾರನೇ ದಿನದಿಂದ ಕೆಲಸಕ್ಕೆ ಬರ್ಲಿಲ್ಲ. ಈಗ ತಂತಿ ಎಳೆಯೋ ಗ್ಯಾಂಗಲ್ಲಿದಾನಂತೆ. ಕೊಲೆ ಗಿಲೆ ನಂಗೆ ಗೊತ್ತಿಲ್ಲ ಮೇಡಂ. ನಾನು ಕಬ್ಬಿಣ ತಗೊಂಡಿದ್ದು ಹೌದು. ಅದನ್ನ ಇಲ್ಲ ಅನ್ನಲ್ಲ."

ತನುಜಾ ಅವರ ಕಣ್ಣುಗಳನ್ನೇ ನೋಡಿದಳು. ಸುಳ್ಳು ಹೇಳುವವನು ಇಷ್ಟು ಬೇಗ ಅರ್ಧ ತಪ್ಪು ಒಪ್ಪಿಕೊಳ್ಳುವುದುಂಟು, ಉಳಿದರ್ಧವನ್ನು ಮುಚ್ಚಿಡಲು. ಹೇರಂಬ ಯಾವ ಬಗೆಯ ಮನುಷ್ಯ ಎಂದು ಅವಳಿಗೆ ಇನ್ನೂ ಬಗೆಹರಿಯಲಿಲ್ಲ.

ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ರಿಂಗಾಯಿತು. ಸಾಗರದಿಂದ ಆಶಾ. ಫೋಟೋ ಹೇಗೋ ತಲುಪಿತ್ತು.

"ಮೇಡಂ, ಇದು ಎಲ್ಲಿ ಸಿಕ್ತು ನಿಮಗೆ?"

"ಒಂದು ಭವನದ ಮಾಡಲ್ಲಿ. ನಿಮ್ಮ ಬಿದ್ದ ಟವರಿಂದೇ ತಾನೇ?"

"ಅಲ್ಲ."

ತನುಜಾ ಶೆಡ್ಡಿನಿಂದ ಹೊರಗೆ ಬಂದಳು. "ಬಿಡಿಸಿ ಹೇಳಿ."

"ಲೈನು ನೆಟ್ಟಗೆ ಹೋಗೋ ಕಡೆ ಹಗುರ ಟವರ್ ಹಾಕ್ತೀವಿ. ತಂತಿ ಸುಮ್ನೆ ತೂಗಿಕೊಂಡಿದ್ರೆ ಸಾಕು. ಕಾಡಲ್ಲಿ ಬಿದ್ದಿದ್ದು ಅಂಥದು. ಲೈನು ತಿರುಗೋ ಕಡೆ ಮಾತ್ರ ಭಾರದ ಟವರ್ ಬೇಕು, ಎರಡೂ ಕಡೆಯ ತಂತಿ ಅದನ್ನ ಮೂಲೆಗೆ ಎಳೀತಾ ಇರತ್ತೆ. ಎರಡು ಡಿ ಇರೋ ಪೀಸು ಅಂಥ ಟವರಿಂದು. ಆ ಭಾಗದಲ್ಲಿ ಅದು ಇರೋದು ಒಂದೇ ಒಂದು. ಹಿನ್ನೀರಿನ ಮೇಲಿನ ಗುಡ್ಡದ್ದು."

"ಅದು ಬಿದ್ದಿಲ್ಲವಲ್ಲ."

"ಬಿದ್ದಿಲ್ಲ. ರಸ್ತೆಯಿಂದಲೇ ಕಾಣತ್ತೆ. ಮೊನ್ನೆ ನಾನೇ ಬುಡದಿಂದ ನೋಡಿ ಬಂದೆ. ಒಂದು ಪೀಸೂ ಕಮ್ಮಿ ಇರ್ಲಿಲ್ಲ."

"ಹಾಗಾದ್ರೆ ನಾನು ಕೈಯಲ್ಲಿ ಮುಟ್ಟಿ ಬಂದಿದ್ದೇನು?"

ಆಶಾಳ ದನಿ ಬದಲಾಯಿತು. "ಮೇಡಂ, ಬಿದ್ದ ಟವರಿನ ಜಾಗದಲ್ಲಿ ಹೊಸದು ನಿಲ್ಲಿಸಿ ಆಯ್ತು. ಇವತ್ತು ತಂತಿ ಎಳೀತಿದಾರೆ. ಬಿಗಿ ಕಟ್ಟೋದು ಆ ಗುಡ್ಡದ ಟವರಿಗೇ. ಮೇಲೆ ಜನ ಇದಾರೆ. ಗ್ಯಾಂಗಿನ ಮೇಸ್ತ್ರಿ ಕಿರಣ್ ಫೋನು ಅಲ್ಲಿ ಸಿಗಲ್ಲ. ನಾನು ಈಗಲೇ ಹೊರಡ್ತೀನಿ, ಆದ್ರೆ ನೀವು ಹತ್ತಿರ ಇದೀರಿ."

* * *

ಜೀಪಿನಲ್ಲಿದ್ದ ಇನ್ನೊಬ್ಬ ಪೇದೆಯನ್ನು ಹೇರಂಬರ ಕಾವಲಿಗೆ ಶೆಡ್ಡಿನಲ್ಲೇ ಬಿಟ್ಟು, ಜೀಪು ಸಾಗರದ ರಸ್ತೆ ಹಿಡಿಯಿತು. ಕನ್ನಪ್ಪನೇ ಓಡಿಸುತ್ತಿದ್ದ.

"ಒಂದು ಟವರಿಂದ ಪೀಸ್ ತೆಗೆದ್ಮೇಲೂ ಪೀಸ್ ಇದೆ ಅಂದ್ರೆ ಹೆಂಗೆ ಮೇಡಂ?" ಎಂದ ಅವನು.

"ಬೇರೆ ಏನೋ ಹಾಕಿರಬೇಕು."

"ಕಾಡಿನ ಟವರಿಗೆ ಎಂತದೂ ಹಾಕಿರ್ಲಿಲ್ವಲ್ಲ. ಖಾಲಿ ಬಿಟ್ಟಿದ್ರು."

"ಅಲ್ಲಿ ನೋಡೋರು ಯಾರಿದ್ರು? ಇದು ರಸ್ತೆಗೆ ಕಾಣತ್ತೆ."

ಗುಡ್ಡದ ಬುಡದವರೆಗೆ ಜೀಪು ಹೋಯಿತು. ಅಲ್ಲಿಂದ ಹತ್ತಬೇಕಿತ್ತು. ಮುಗ್ಗರಿಸುತ್ತ, ಗಿಡ ಹಿಡಿಯುತ್ತ ಅವರು ಮೇಲೆ ಬಂದಾಗ ಟವರು ಆಕಾಶಕ್ಕೆ ನೆಟ್ಟಗೆ ನಿಂತಿತ್ತು. ತುದಿಯ ತೋಳುಗಳ ಮೇಲೆ ನಾಲ್ಕು ಜನ ಬೆಲ್ಟು ಕಟ್ಟಿಕೊಂಡು ಕೂತಿದ್ದರು. ಅವರ ಬಳಿಯಿಂದ ಹೊರಟ ತಂತಿ ಹಿನ್ನೀರನ್ನು ದಾಟಿ ಆಚೆ ದಡದ ಮರಗಳ ನಡುವೆ ಇಳಿದಿತ್ತು. ಅಲ್ಲೆಲ್ಲೋ ತಂತಿ ಎಳೆಯುವ ವಿಂಚ್ ಯಂತ್ರದ ಸದ್ದು. ಜೋತು ಬಿದ್ದಿದ್ದ ತಂತಿ ಸ್ವಲ್ಪ ಸ್ವಲ್ಪವೇ ನೀರಿನಿಂದ ಮೇಲೇಳುತ್ತಿತ್ತು.

ಕೆಂಪು ಹೆಲ್ಮೆಟ್ಟಿನ ಕಿರಣ್ ವಾಕಿಟಾಕಿ ಹಿಡಿದು ನಿಂತಿದ್ದ. ಪೊಲೀಸರನ್ನು ಕಂಡು ಹತ್ತಿರ ಬಂದ. "ಎಂತಾಯ್ತು ಮೇಡಂ?"

ತನುಜಾ ಉತ್ತರ ಕೊಡದೆ ಟವರಿನ ಬುಡಕ್ಕೆ ಹೋದಳು. ನಾಲ್ಕು ಕಾಲು, ಕಾಲಿನಿಂದ ಕಾಲಿಗೆ ಅಡ್ಡಡ್ಡ ಆಂಗಲ್. ಎಲ್ಲವೂ ಇದ್ದವು. ಎಲ್ಲವೂ ಬೆಳ್ಳಗಿದ್ದವು. ಆಶಾ ಹೇಳಿದ್ದು ಸುಳ್ಳಲ್ಲ.

ಕನ್ನಪ್ಪನ ಲಾಠಿ ತೆಗೆದುಕೊಂಡು ಒಂದು ಅಡ್ಡ ಆಂಗಲ್ಲಿಗೆ ಬಡಿದಳು. ಟಣ್ ಎಂದಿತು. ಮುಂದಿನದಕ್ಕೆ ಬಡಿದಳು. ಅದೂ ಟಣ್ ಎಂದಿತು. ನೀರಿನ ಕಡೆಯ ಕಾಲಿಗೆ ಬಂದು, ಅಲ್ಲಿಯ ಅಡ್ಡ ಪಟ್ಟಿಗೆ ಬಡಿದಳು.

ದಬ್ ಎಂದಿತು.

ಮತ್ತೊಮ್ಮೆ ಬಡಿದಳು. ಸದ್ದು ಬದಲಾಗಲಿಲ್ಲ. ಚಾಕುವಿನಿಂದ ಕೆರೆದಾಗ ಬೆಳ್ಳಿ ಬಣ್ಣದ ಕೆಳಗಿನಿಂದ ನಾರು ಎದ್ದು ಬಂತು. ಸೀಳಿದ ಅಡಿಕೆ ಮರ. ತೋಟಕ್ಕೆ ಬೇಲಿ, ದನದ ಕೊಟ್ಟಿಗೆಗೆ ಅಟ್ಟ ಹಾಕುವ ಅದೇ ದಬ್ಬೆ. ಎರಡು ಸೀಳನ್ನು ಮೂಲೆಗೆ ಕೂಡಿಸಿ, ಬೋಲ್ಟು ಹಾಕಿ, ಅಂಚು ತೀಡಿ, ಬಣ್ಣ ಬಳಿದಿದ್ದರು. ನಾಲ್ಕು ಮಾರು ದೂರದಿಂದ ನೋಡಿದರೆ ದೇವರಿಗೂ ಗೊತ್ತಾಗುವಂತಿರಲಿಲ್ಲ.

ಕಿರಣ್ ಬಾಗಿ ಆ ನಾರನ್ನು ಮುಟ್ಟಿದ.

"ನಿಲ್ಲಿಸಿ," ಎಂದಳು ತನುಜಾ.

"ವಿಂಚ್ ನಿಲ್ಸು. ಕೇಳ್ತಾ? ವಿಂಚ್ ನಿಲ್ಸು," ಎಂದು ಕಿರಣ್ ವಾಕಿಟಾಕಿಗೆ ಕೂಗಿದ.

ಸ್ವಲ್ಪ ಹೊತ್ತು ಆಚೆ ದಡದ ಸದ್ದು ಹಾಗೆಯೇ ಇತ್ತು. ಆಮೇಲೆ ನಿಂತಿತು. ನೀರಿನ ಮೇಲೆ ತಂತಿ ಸಣ್ಣಗೆ ನಡುಗುತ್ತಿತ್ತು.

"ನಿಲ್ಸಿದೆ. ಯಾಕಣ್ಣ?" ಎಂದಿತು ವಾಕಿಟಾಕಿ.

"ಯಾರದು ವಿಂಚಲ್ಲಿ?" ಎಂದು ತನುಜಾ ಕೇಳಿದಳು.

"ಹೊಸಬ ಮೇಡಂ. ಸುರೇಂದ್ರ ಅಂತ. ಮಷಿನ್ ಕೆಲಸ ಚೆನ್ನಾಗಿ ಬರತ್ತೆ."

ಅವಳು ವಾಕಿಟಾಕಿಗೆ ಕೈ ಚಾಚಿದಳು. "ಸುರೇಂದ್ರ, ನಾನು ಹೊಸನಗರದ ಸಬ್ ಇನ್ಸ್‌ಪೆಕ್ಟರ್ ತನುಜಾ. ಟವರಿನ ಬುಡದಲ್ಲಿ ನಿಂತಿದೀನಿ."

ವಾಕಿಟಾಕಿ ಗರಗರ ಎಂದಿತು.

"ಮೇಡಂ," ಎಂದ ಅವನು. "ದಬ್ಬೆ ಇನ್ನೂ ಹಂಗೇ ಇದೆಯಾ?"

ಅವಳು ದಬ್ಬೆಯ ಮಾತನ್ನೇ ಎತ್ತಿರಲಿಲ್ಲ.

"ಇದೆ. ಗೊತ್ತಿದ್ದೂ ತಂತಿ ಎಳೆದೆಯಾ?"

"ಇಲ್ಲ ಮೇಡಂ. ಎಲ್ಲ ತೆಗೆದು ಬೇರೆ ಕಬ್ಬಿಣ ಹಾಕಿ ಆಯ್ತು ಅಂದಿದ್ದ ಅವನು. ಅದನ್ನ ನಂಬಿದೆ. ತಂತಿ ಸಡಿಲ ಬಿಡ್ಲಾ ಈಗ?"

ಕಿರಣ್ ಗಾಬರಿಯಿಂದ ಕೈ ಅಡ್ಡ ಮಾಡಿದ. "ಬೇಡ ಅನ್ನಿ ಮೇಡಂ. ಇಷ್ಟು ಬಿಗಿಯಾದ ಮೇಲೆ ಬಿಟ್ರೆ ಗುಡ್ಡದ ಹಿಂದಿನ ತಂತಿ ಟವರನ್ನ ಅದರ ಕಡೆಗೆ ಎಳೆದುಬಿಡತ್ತೆ. ಮೊದ್ಲು ಜನ ಇಳೀಬೇಕು."

"ಇಳಿಯೋದು ಹೇಗೆ?"

"ಅಡ್ಡ ಪಟ್ಟಿ ಮೇಲೆ ಕಾಲಿಟ್ಕೊಂಡು ಇಳಿಯೋದೇ. ಯಾವ ಪಟ್ಟಿ ಗಟ್ಟಿ ಅಂತ ಗೊತ್ತಾಗಬೇಕಲ್ಲ. ಬುಡದ್ದು ನೀವು ಬಡಿದು ನೋಡಿದ್ರಿ. ಮೇಲಿನದು?"

ತನುಜಾ ವಾಕಿಟಾಕಿಯನ್ನು ಬಾಯಿಗೆ ಹತ್ತಿರ ಹಿಡಿದಳು. ಅವಳ ದನಿ ಏರಲಿಲ್ಲ. "ಸುರೇಂದ್ರ, ಸರಿಯಾಗಿ ಕೇಳು. ಮೇಲೆ ನಾಲ್ಕು ಜನ ಇದಾರೆ. ಎಲ್ಲೆಲ್ಲಿ ದಬ್ಬೆ ಕಟ್ಟಿದೀರಿ, ಹೇಳು. ಉಳಿದದ್ದು ಆಮೇಲೆ ಮಾತಾಡೋಣ."

"ನಂಗೆ ಗೊತ್ತಿಲ್ಲ ಮೇಡಂ. ದೇವರಾಣೆಗೂ ಗೊತ್ತಿಲ್ಲ. ನಾನು ಕೆಳಗೆ ನಿಂತು ಹಗ್ಗದಲ್ಲಿ ಇಳಿದಿದ್ದು ಹಿಡ್ಕಂತಿದ್ದೆ ಅಷ್ಟೇ. ಹತ್ತಿದ್ದು, ಬಿಚ್ಚಿದ್ದು, ದಬ್ಬೆ ಕಟ್ಟಿ ಬಣ್ಣ ಬಳಿದಿದ್ದು ಅವನೊಬ್ಬನೇ. ಯಾವುದು ಮರ, ಯಾವುದು ಕಬ್ಬಿಣ ಅಂತ ಅವನಿಗೆ ಮಾತ್ರ ಗೊತ್ತಿತ್ತು."

"ಯಾರಿಗೆ?"

"ರಾಜೇಂದ್ರಣ್ಣಂಗೆ."

"ಸತ್ತವನೇ ಕದ್ದವನಾ ಮೇಡಂ?" ಎಂದ ಕನ್ನಪ್ಪ. ತನುಜಾ ತಲೆಯೆತ್ತಿ ನೋಡಿದಳು. ವಿಂಚಿನ ಸದ್ದು ನಿಂತದ್ದಕ್ಕೆ ಊಟದ ಹೊತ್ತಾಯಿತೆಂದು ತಿಳಿದು, ಮೇಲಿದ್ದವರಲ್ಲಿ ಒಬ್ಬ ಬೆಲ್ಟು ಬಿಚ್ಚಿಕೊಂಡು ಆಗಲೇ ಇಳಿಯತೊಡಗಿದ್ದ.